ಮನೆ ಹಂಚಿಕೆಯ ದೂರು ಮತ್ತು ದಾಖಲೆ

(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಸರಕಾರದ ಮನೆಗಳನ್ನು ಹಂಚುವ ಕಡೆಯಲ್ಲೆಲ್ಲ ದೂರು ಇದ್ದೇ ಇರುತ್ತದೆ. ‘ಇದ್ದವರಿಗೇ ಕೊಟ್ಟರು, ಇಲ್ಲದವರನ್ನು ಬಿಟ್ಟರು’ ಎಂಬ ಮಾತು ನಮ್ಮ ಊರುಗಳಲ್ಲಿ ಕೇಳುವಂತೆಯೇ ಲಂಡನ್ನಿನಲ್ಲಿಯೂ ಕೇಳಿಬರುತ್ತದೆ. ದೂರುವುದು ಸುಲಭ. ಆ ದೂರು ಕಚೇರಿಯ ಮುಂದೆ, ನ್ಯಾಯಾಲಯದ ಮುಂದೆ ನಿಲ್ಲುವಂತೆ ಮಾಡುವುದು ಕಷ್ಟ. ಅದು ಹೇಗೆ ನಿಂತಿತು ಎಂಬುದಕ್ಕೆ ಇಂಗ್ಲೆಂಡಿನ ಅನುಭವವನ್ನು ಇಂದು ತಮ್ಮ ಮುಂದಿಡಲು ಬಯಸುತ್ತೇನೆ.

ಇಂಗ್ಲೆಂಡಿನಲ್ಲಿ ಸ್ಥಳೀಯ ಕೌನ್ಸಿಲುಗಳು, ಅಂದರೆ ನಮ್ಮ ನಗರಸಭೆಗಳಂಥ ಸಂಸ್ಥೆಗಳು, ತಾವೇ ಮನೆ ಕಟ್ಟಿಸಿ ಕಡಿಮೆ ಬಾಡಿಗೆಗೆ ಕೊಡುತ್ತ ಬಂದಿವೆ. 1919ರ ಕಾಯ್ದೆಯ ನಂತರ ಈ ಕೆಲಸ ದೊಡ್ಡ ಪ್ರಮಾಣದಲ್ಲಿ ನಡೆಯಿತು. ಮನೆಗಿಂತ ಅರ್ಜಿಗಳು ಯಾವಾಗಲೂ ಹೆಚ್ಚು. ಆದ್ದರಿಂದ ಯಾರ ಹೆಸರು ಮೊದಲು, ಯಾರಿಗೆ ಎಂಥ ಮನೆ ಎಂಬ ಪ್ರಶ್ನೆಯೂ ಅಂದಿನಿಂದಲೇ ಇದೆ.

1970ರ ದಶಕದಲ್ಲಿ ಪೂರ್ವ ಲಂಡನ್ನಿನಲ್ಲಿ ಸಿಲ್ಹೆಟ್ ಕಡೆಯಿಂದ ಬಂದ ಬಂಗಾಳಿ ಮುಸ್ಲಿಮರು ನೆಲೆಸಿದ್ದರು. ಬಹುಪಾಲು ಜನರಿಗೆ ಹೊಲಿಗೆ ಕಾರ್ಖಾನೆಗಳಲ್ಲಿ ದುಡಿಮೆ. ಹೆಂಡತಿ ಮಕ್ಕಳು ಬಂದು ಸೇರಿದಾಗ ಇಕ್ಕಟ್ಟಾದ, ಹಳೆಯ ಕೋಣೆಗಳಲ್ಲೇ ಸಂಸಾರ. ಕೌನ್ಸಿಲಿನ ಪಟ್ಟಿಯಲ್ಲಿ ಅವರ ಸರದಿ ಬರುತ್ತಿರಲಿಲ್ಲ. ಬಂದರೂ, ಕಿಟಕಿಗೆ ಕಲ್ಲು ಬೀಳುವ, ದಾರಿಯಲ್ಲಿ ಹೊಡೆತ ತಿನ್ನುವ ಬಡಾವಣೆಗಳಲ್ಲಿ ಮನೆ ತೋರಿಸಲಾಗುತ್ತಿತ್ತು. ಬೇಸತ್ತ ಕುಟುಂಬಗಳು ಖಾಲಿ ಬಿದ್ದಿದ್ದ ಕಟ್ಟಡಗಳನ್ನು ಹೊಕ್ಕವು. 1976ರಲ್ಲಿ ಬೆಂಗಾಲಿ ಹೌಸಿಂಗ್ ಆಕ್ಷನ್ ಗ್ರೂಪ್ ಎಂಬ ಸಂಘಟನೆ ಹುಟ್ಟಿತು. ಅದರ ಇಂಗ್ಲಿಷ್ ಮೊದಲಕ್ಷರಗಳನ್ನು ಕೂಡಿಸಿ ಓದಿದರೆ ‘ಭಾಗ್’ ಎಂದಾಗುತ್ತದೆ. ಬಂಗಾಳಿಯಲ್ಲೂ ಕನ್ನಡದಲ್ಲೂ ಆ ಪದದ ಅರ್ಥ ಒಂದೇ, ಪಾಲು. ಅವರು ಕೇಳಿದ್ದೂ ಅದನ್ನೇ.

ಪಕ್ಕದ ಹ್ಯಾಕ್ನಿ ಪ್ರದೇಶದಲ್ಲಿಯೂ ಇಂಥದೇ ದೂರು. ಅಲ್ಲಿ ಜನಾಂಗೀಯ ಸಮಾನತೆಯ ಆಯೋಗ ತನಿಖೆ ನಡೆಸಿ 1984ರಲ್ಲಿ ವರದಿ ಪ್ರಕಟಿಸಿತು. ಆಯೋಗ ಕೇವಲ ಜನರ ಮಾತನ್ನು ನೆಚ್ಚಿಕೊಳ್ಳಲಿಲ್ಲ. ಹಂಚಿಕೆಯ ಕಡತಗಳನ್ನೇ ಬಿಚ್ಚಿ ಹೋಲಿಸಿತು. ಒಂದೇ ಬಗೆಯ ಅಗತ್ಯವಿದ್ದ ಎರಡು ಕುಟುಂಬಗಳಲ್ಲಿ ಬಿಳಿಯರಿಗೆ ಹೊಸ ಮನೆ, ಕೆಳ ಅಂತಸ್ತು, ಪ್ರತ್ಯೇಕ ಮನೆ ಸಿಗುವ ಸಂಭವ ಹೆಚ್ಚು. ಕಪ್ಪು ಜನರಿಗೆ ಹಳೆಯ ಕಟ್ಟಡ, ಮೇಲಿನ ಅಂತಸ್ತಿನ ಫ್ಲ್ಯಾಟು. ನಿಯಮಾವಳಿಯಲ್ಲಿ ಬಣ್ಣದ ಮಾತೇ ಇರಲಿಲ್ಲ. ಆದರೂ ಫಲಿತಾಂಶದಲ್ಲಿ ಬಣ್ಣವಿತ್ತು. ತಾರತಮ್ಯ ನಿಲ್ಲಿಸಬೇಕೆಂದು ಕೌನ್ಸಿಲಿಗೆ ಕಾನೂನುಬದ್ಧ ನೋಟೀಸು ಹೋಯಿತು. ಒಬ್ಬ ಅರ್ಜಿದಾರ ಬಂದು ‘ನನಗೆ ಅನ್ಯಾಯವಾಗಿದೆ’ ಎಂದರೆ ಅಧಿಕಾರಿ ಹತ್ತು ಸಮಜಾಯಿಷಿ ಕೊಡಬಲ್ಲ. ನೂರಾರು ಕಡತಗಳು ಒಂದೇ ಮಾತು ಹೇಳಿದಾಗ ಅವನ ಬಾಯಿ ಕಟ್ಟುತ್ತದೆ.

ಇನ್ನೊಂದು ಪ್ರಸಂಗ. ಬಂಗಾಳಿಗಳು ಹೆಚ್ಚಿದ್ದ ಟವರ್ ಹ್ಯಾಮ್ಲೆಟ್ಸ್ ಕೌನ್ಸಿಲು ಕೆಲವು ಕುಟುಂಬಗಳಿಗೆ, ‘ನಿಮಗೆ ಬಾಂಗ್ಲಾದೇಶದಲ್ಲಿ ಮನೆ ಇತ್ತು, ಬಿಟ್ಟು ಬಂದಿರಿ. ಆದ್ದರಿಂದ ನೀವು ಬೇಕೆಂದೇ ನಿರ್ವಸತಿಗರಾದವರು’ ಎಂದು ಹೇಳಿ ಹೊಣೆ ಕಳಚಿಕೊಂಡಿತು. ಕುಟುಂಬಗಳು ನ್ಯಾಯಾಲಯಕ್ಕೆ ಹೋದವು. 1988ರಲ್ಲಿ ಮೇಲ್ಮನವಿ ನ್ಯಾಯಾಲಯ, ಕೌನ್ಸಿಲು ಪರಿಗಣಿಸಬೇಕಾದ ಸಂಗತಿಗಳನ್ನು ಸರಿಯಾಗಿ ತೂಗಿ ನೋಡಿಲ್ಲವೆಂದು ಆ ನಿರ್ಧಾರಗಳನ್ನು ರದ್ದುಪಡಿಸಿತು.

ಬಂಧುಗಳೇ, ಇದಕ್ಕೆ ಮತ್ತೊಂದು ಮುಖವೂ ಇದೆ. ಅದನ್ನು ಮುಚ್ಚಿಟ್ಟರೆ ನಾನು ಅರ್ಧ ಸತ್ಯ ಹೇಳಿದಂತಾಗುತ್ತದೆ. 1980ರ ಕಾಯ್ದೆಯಿಂದ ಬಾಡಿಗೆದಾರರು ಕೌನ್ಸಿಲ್ ಮನೆಗಳನ್ನು ರಿಯಾಯಿತಿ ಬೆಲೆಗೆ ಕೊಳ್ಳಬಹುದಾಯಿತು. ಮಾರಿದಷ್ಟು ಮನೆಗಳನ್ನು ಮತ್ತೆ ಕಟ್ಟಲಿಲ್ಲ. ಸರದಿ ಬೆಳೆಯಿತು. ಬಡ ಬಿಳಿಯರಿಗೂ ತಮ್ಮ ಮಕ್ಕಳು ತಮ್ಮ ಬೀದಿಯಲ್ಲೇ ಬಾಳಬೇಕೆಂಬ ಆಸೆ ಇತ್ತು. ಅವರ ಸಂಕಟವೂ ಸುಳ್ಳಲ್ಲ. ಆದರೆ ಮನೆ ಯಾಕೆ ಕಡಿಮೆಯಾಯಿತು ಎಂದು ಕೇಳುವ ಬದಲು, ‘ಬಂಗಾಳಿಗಳು ಕಿತ್ತುಕೊಂಡರು’ ಎಂದು ನಂಬಿಸುವವರು ಹುಟ್ಟಿಕೊಂಡರು. 1993ರ ಸೆಪ್ಟೆಂಬರಿನಲ್ಲಿ ಮಿಲ್‌ವಾಲ್ ವಾರ್ಡಿನ ಉಪಚುನಾವಣೆಯಲ್ಲಿ ಜನಾಂಗದ್ವೇಷದ ಬ್ರಿಟಿಷ್ ನ್ಯಾಷನಲ್ ಪಾರ್ಟಿ 7 ಮತಗಳಿಂದ ಗೆದ್ದಿತು. ಮರುವರ್ಷ ಮೇ ತಿಂಗಳಲ್ಲಿ ಮತದಾರರೇ ಅದನ್ನು ಸೋಲಿಸಿದರು. ದಾಖಲೆಯಿಲ್ಲದ ದೂರು ನೆರೆಯವನ ಮೇಲಿನ ದ್ವೇಷವಾಗಿ ತಿರುಗಲು ಹೆಚ್ಚು ಹೊತ್ತು ಬೇಕಾಗಿಲ್ಲ ಎಂಬುದಕ್ಕೆ ಇದು ಎಚ್ಚರಿಕೆ.

ಇಂದು ಇಂಗ್ಲೆಂಡಿನಲ್ಲಿ 1996ರ ಕಾಯ್ದೆಯಂತೆ ಪ್ರತಿ ಕೌನ್ಸಿಲು ತನ್ನ ಹಂಚಿಕೆಯ ನಿಯಮಗಳನ್ನು ಪ್ರಕಟಿಸಲೇಬೇಕು. ಮನೆಯಿಲ್ಲದವರು, ಇಕ್ಕಟ್ಟಿನಲ್ಲಿರುವವರು, ಕಾಯಿಲೆಯವರು ಮುಂತಾದವರಿಗೆ ಆದ್ಯತೆ. ಯಾರು ಪಟ್ಟಿಗೆ ಅರ್ಹರೆಂದು ನಿರ್ಧರಿಸುವಲ್ಲಿ 2011ರ ಕಾಯ್ದೆ ಕೌನ್ಸಿಲುಗಳಿಗೆ ಹೆಚ್ಚಿನ ಸ್ವಾತಂತ್ರ್ಯ ಕೊಟ್ಟಿದೆ; ಅದರಿಂದ ಹೊಸ ದೂರುಗಳೂ ಬಂದಿವೆ. ಅರ್ಹರಲ್ಲವೆಂದು ತಿರಸ್ಕರಿಸಿದರೆ ಮರುಪರಿಶೀಲನೆ ಕೇಳಬಹುದು. ಕೌನ್ಸಿಲಿನಲ್ಲಿ ದೂರು ಕೊಟ್ಟೂ ಪರಿಹಾರ ಸಿಗದಿದ್ದರೆ ಒಂಬುಡ್ಸ್‌ಮನ್ ಬಳಿಗೆ ಹೋಗಬಹುದು. ಒಂಬುಡ್ಸ್‌ಮನ್ ಇಲ್ಲದ ಮನೆಯನ್ನು ಸೃಷ್ಟಿಸಲಾರ. ನಿಯಮದಂತೆ ನಡೆದರೇ ಇಲ್ಲವೇ ಎಂದು ನೋಡುತ್ತಾನೆ.

ನಮ್ಮಲ್ಲಿ ಬಡವರ ಮನೆಗೆ ಫಲಾನುಭವಿಗಳನ್ನು ಆರಿಸುವಾಗ ಗ್ರಾಮಸಭೆಗೆ ಪಾತ್ರವಿದೆ. ಎಷ್ಟು ಜನ ಆ ಸಭೆಗೆ ಹೋಗಿ ಕೂರುತ್ತೇವೆ? ಅರ್ಜಿಯ ಸ್ವೀಕೃತಿ ಪತ್ರವನ್ನು ಎಷ್ಟು ಜನ ಕೇಳಿ ಪಡೆಯುತ್ತೇವೆ? 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕ ಕೊಟ್ಟರೆ ಆಯ್ಕೆ ಪಟ್ಟಿ, ಸಭೆಯ ನಡವಳಿ ಕೇಳಬಹುದು. ಬಡತನ ರೇಖೆಗಿಂತ ಕೆಳಗಿನವರಿಗೆ ಆ ಶುಲ್ಕವೂ ಇಲ್ಲ. ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ಬರಬೇಕು.

ವಿದ್ಯಾರ್ಥಿ ಮಿತ್ರರೇ, ನಿಮ್ಮ ಓದಿಗೆ ಇಲ್ಲೊಂದು ಕೆಲಸವಿದೆ. ನಿಮ್ಮ ಬೀದಿಯಲ್ಲಿ ಅರ್ಜಿ ಬರೆಯಲು ಬಾರದ ತಾಯಿಯೊಬ್ಬಳು ಇರುತ್ತಾಳೆ. ಅವಳ ಜಾತಿ, ಧರ್ಮ ಕೇಳದೆ ಅರ್ಜಿ ಬರೆದುಕೊಡಿ, ದಿನಾಂಕ ಹಾಕಿಸಿ, ನಕಲು ಅವಳ ಕೈಗೆ ಕೊಡಿ. ಪಟ್ಟಿ ಬಂದಾಗ ಅವಳ ಪರವಾಗಿ ಓದಿ ನೋಡಿ.