ನೆಗಡಿಗೆಲ್ಲ ಪವರ್ ಔಷಧಿ ಬೇಡ



ಇವತ್ತು ಸ್ಲೇಟು ಪಕ್ಕಕ್ಕಿಡಿ. ಸ್ವಲ್ಪ ಮಾತಾಡೋಣ. ಮಳೆಗಾಲ ಬಂತು. ಯಾರ ಮನೆ ನೋಡಿದರೂ ಮಕ್ಕಳಿಗೆ ನೆಗಡಿ, ಕೆಮ್ಮು. ಮಗು ರಾತ್ರಿಯೆಲ್ಲ ಮಲಗಲ್ಲ. ತಾಯಿಯೂ ಮಲಗಲ್ಲ. ಬೆಳಗಾದರೆ ನಾವು ಏನು ಮಾಡ್ತೀವಿ? ಔಷಧಿ ಅಂಗಡಿಗೆ ಹೋಗ್ತೀವಿ. "ಅಣ್ಣಾ, ಮಗೂಗೆ ಪವರ್ ಇರೋ ಔಷಧಿ ಕೊಡಿ" ಅಂತೀವಿ. ಹೌದೋ ಅಲ್ಲವೋ?

ನಾನೂ ಹಾಗೇ ಮಾಡಿದವಳು. ಆಗ ನನ್ನ ಮಗನಿಗೆ ಎರಡು ವರ್ಷ. ನೆಗಡಿ ಬಂದು ಮೂರು ದಿನವಾಗಿತ್ತು. ಡಾಕ್ಟರು ನೋಡಿ, "ಬರೀ ನೆಗಡಿ ಅಮ್ಮ, ತಾನೇ ಹೋಗುತ್ತೆ" ಅಂದರು. ನನಗೆ ಸಮಾಧಾನ ಆಗಲಿಲ್ಲ. ಅಷ್ಟು ದೂರ ಬಸ್ಸಿನಲ್ಲಿ ಹೋಗಿ ಬರಿಗೈಯಲ್ಲಿ ಬರೋದಾ? ಮನೇಲಿ ಅತ್ತೆ ಏನಂದಾರು? ದಾರಿಯಲ್ಲಿ ಅಂಗಡಿಗೆ ಹೋಗಿ ಒಂದು ಬಾಟಲಿ ತಂದೆ. ಎರಡು ದಿನ ಕುಡಿಸಿದೆ. ನೆಗಡಿ ಹೋಗಲಿಲ್ಲ. ಭೇದಿ ಶುರುವಾಯಿತು. ಮಗು ಸೊರಗಿ ಹೋಯಿತು. ಮತ್ತೆ ಅದೇ ಡಾಕ್ಟರ ಹತ್ತಿರ ಓಡಿದೆ. ಅವರು ಬಯ್ಯಲಿಲ್ಲ. ಕೂರಿಸಿ ತಿಳಿಸಿ ಹೇಳಿದರು. ಅದನ್ನೇ ನಿಮಗೆ ಹೇಳ್ತೀನಿ.

ರೋಗ ತರುವ ಸಣ್ಣ ಜೀವಿಗಳು ಕಣ್ಣಿಗೆ ಕಾಣಲ್ಲ. ಅವುಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು ವೈರಸ್. ಇನ್ನೊಂದು ಬ್ಯಾಕ್ಟೀರಿಯಾ. ನೆಗಡಿ ತರುವುದು ವೈರಸ್. ನಾವು ಪವರ್ ಔಷಧಿ ಅಂತೀವಲ್ಲ, ಅದರ ಹೆಸರು ಆಂಟಿಬಯೋಟಿಕ್. ಅದು ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ವೈರಸ್ಸಿಗೆ ಅದರಿಂದ ಏನೂ ಆಗಲ್ಲ. ಕಳ್ಳ ಹಿತ್ತಿಲಲ್ಲಿದ್ದರೆ ಮುಂಬಾಗಿಲಿಗೆ ಬೀಗ ಹಾಕಿದ ಹಾಗೆ! ನಮ್ಮ ಹೊಟ್ಟೆಯಲ್ಲಿ ಒಳ್ಳೆಯ ಬ್ಯಾಕ್ಟೀರಿಯಾಗಳೂ ಇವೆ. ಈ ಔಷಧಿಗೆ ಅವೂ ಸಾಯುತ್ತವೆ. ನನ್ನ ಮಗನಿಗೆ ಭೇದಿ ಆದದ್ದು ಅದರಿಂದಲೇ ಅಂದರು ಡಾಕ್ಟರು.

ಇನ್ನೊಂದು ದೊಡ್ಡ ಅಪಾಯ ಇದೆ. ಹತ್ತಿ ಬೆಳೆದವರಿಗೆ ಇದು ಬೇಗ ತಿಳಿಯುತ್ತದೆ. ಒಂದೇ ಔಷಧಿಯನ್ನು ಮತ್ತೆ ಮತ್ತೆ ಹೊಡೆದರೆ ಏನಾಗುತ್ತೆ? ಮೊದಲು ಹುಳು ಸಾಯುತ್ತೆ. ಬರಬರುತ್ತಾ ಸಾಯಲ್ಲ. ಔಷಧಿಗೆ ಬಗ್ಗದ ಹುಳುಗಳೇ ಉಳಿದು ಮರಿ ಮಾಡುತ್ತವೆ. ಬ್ಯಾಕ್ಟೀರಿಯಾಗಳೂ ಹಾಗೆಯೇ. ಬೇಡದಾಗೆಲ್ಲ ಕುಡಿಸಿದರೆ, ಬೇಕಾದ ದಿನ ಔಷಧಿ ಕೆಲಸ ಮಾಡಲ್ಲ. 1928ರಲ್ಲಿ ಲಂಡನ್ನಿನಲ್ಲಿ ಪೆನ್ಸಿಲಿನ್ ಎಂಬ ಆಂಟಿಬಯೋಟಿಕ್ಕನ್ನು ಅಲೆಕ್ಸಾಂಡರ್ ಫ್ಲೆಮಿಂಗ್ ಎಂಬುವರು ಕಂಡುಹಿಡಿದರು. ಈ ಅಪಾಯದ ಬಗ್ಗೆ ಅವರೇ 1945ರಲ್ಲಿ ಎಚ್ಚರಿಸಿದ್ದರು.

"ಹಾಗಾದರೆ ಈ ಔಷಧಿ ಕೆಟ್ಟದ್ದಾ ಟೀಚರಮ್ಮ?" ಅಂತ ಕೇಳ್ತೀರಿ. ಅಲ್ಲ. ನಮ್ಮ ಬೀದಿಯಲ್ಲಿ ಹತ್ತು ತಿಂಗಳ ಒಂದು ಮಗು. ಅದಕ್ಕೂ ಕೆಮ್ಮು. ಆದರೆ ಉಸಿರು ಜೋರಾಗಿ ಓಡುತ್ತಿತ್ತು. ತಾಯಿ ಎಣಿಸಿದಳು. ಒಂದು ನಿಮಿಷಕ್ಕೆ 58. ಕೂಡಲೇ ಆಸ್ಪತ್ರೆಗೆ ಹೊರಟಳು. ಅದು ನ್ಯುಮೋನಿಯಾ. ಡಾಕ್ಟರು ಆಂಟಿಬಯೋಟಿಕ್ ಕೊಟ್ಟರು. ಮಗು ಉಳಿಯಿತು. ಆ ತಾಯಿ ಹೋದ ವರ್ಷವಷ್ಟೇ ನಮ್ಮ ಕೇಂದ್ರದಲ್ಲಿ ನೂರರವರೆಗೆ ಎಣಿಸಲು ಕಲಿತವಳು.

ನೀವೂ ಎಣಿಸಬಹುದು. ಮಗು ಸುಮ್ಮನಿರಬೇಕು. ಅಳುತ್ತಿರಬಾರದು, ಹಾಲು ಕುಡಿಯುತ್ತಿರಬಾರದು. ಅಂಗಿ ಮೇಲೆತ್ತಿ. ಹೊಟ್ಟೆ ನೋಡಿ. ಒಂದು ಸಲ ಉಬ್ಬಿ ಇಳಿದರೆ ಒಂದು ಉಸಿರು. ಗಡಿಯಾರ ನೋಡಿಕೊಂಡು ಪೂರ್ತಿ ಒಂದು ನಿಮಿಷ ಎಣಿಸಿ.

ಎರಡು ತಿಂಗಳ ಒಳಗಿನ ಮಗು: 60 ಅಥವಾ ಹೆಚ್ಚು.
ಎರಡು ತಿಂಗಳಿಂದ ಒಂದು ವರ್ಷದ ಒಳಗೆ: 50 ಅಥವಾ ಹೆಚ್ಚು.
ಒಂದು ವರ್ಷದಿಂದ ಐದು ವರ್ಷದ ಒಳಗೆ: 40 ಅಥವಾ ಹೆಚ್ಚು.

ಇಷ್ಟು ಬಂದರೆ ತಡ ಮಾಡಬೇಡಿ. ಆಸ್ಪತ್ರೆಗೆ ಹೋಗಿ. ಉಸಿರು ಎಳೆಯುವಾಗ ಎದೆಯ ಕೆಳಭಾಗ ಒಳಕ್ಕೆ ಹೋದರೆ, ಮಗು ಹಾಲು ನೀರು ಕುಡಿಯದಿದ್ದರೆ, ಕುಡಿದದ್ದೆಲ್ಲ ವಾಂತಿಯಾದರೆ, ಫಿಟ್ಸ್ ಬಂದರೆ, ಎಬ್ಬಿಸಿದರೂ ಏಳದಿದ್ದರೆ ಎಣಿಸುತ್ತಾ ಕೂರಬೇಡಿ. 108ಕ್ಕೆ ಫೋನ್ ಮಾಡಿ. ಎರಡು ತಿಂಗಳ ಒಳಗಿನ ಮಗುವಿಗೆ ಬರೀ ಜ್ವರ ಬಂದರೂ ಕೂಡಲೇ ತೋರಿಸಿ. ದೊಡ್ಡ ಮಕ್ಕಳಿಗೆ ಜ್ವರ ಮೂರು ದಿನ ಬಿಡದಿದ್ದರೆ, ಕಿವಿ ಸೋರಿದರೆ ತೋರಿಸಿ.

ಇದೇನೂ ಇಲ್ಲ, ಮಗು ಆಡಿಕೊಂಡಿದೆ, ಕುಡಿಯುತ್ತಿದೆ ಅಂದರೆ ಮನೆಯಲ್ಲೇ ನೋಡಿಕೊಳ್ಳಿ. ಎದೆಹಾಲು ಮತ್ತೆ ಮತ್ತೆ ಕೊಡಿ. ಆರು ತಿಂಗಳು ದಾಟಿದ ಮಗುವಿಗೆ ಬೆಚ್ಚನೆಯ ನೀರು, ಗಂಜಿ ಕೊಡಿ. ಒಂದು ವರ್ಷ ದಾಟಿದ್ದರೆ ಅರ್ಧ ಚಮಚ ಜೇನುತುಪ್ಪ ಕೊಡಬಹುದು. ಅದಕ್ಕಿಂತ ಸಣ್ಣ ಮಗುವಿಗೆ ಜೇನು ಬೇಡವೇ ಬೇಡ. ಒಲೆ ಹೊಗೆ, ಬೀಡಿ ಹೊಗೆಯಿಂದ ಮಗುವನ್ನು ದೂರ ಇಡಿ. ನೆಗಡಿ ಹೋಗಲು ಒಂದು ವಾರ, ಹತ್ತು ದಿನ ಬೇಕು. ಕೆಮ್ಮು ಇನ್ನೂ ಕೆಲವು ದಿನ ಇರಬಹುದು. ಹೆದರಬೇಡಿ. ದಿನಾ ಉಸಿರು ನೋಡುತ್ತಿರಿ.

ಆಮೇಲೆ ಲಸಿಕೆ. ನ್ಯುಮೋನಿಯಾ ತಡೆಯಲು ಸರ್ಕಾರ ಪಿಸಿವಿ ಎಂಬ ಲಸಿಕೆಯನ್ನು ಉಚಿತವಾಗಿ ಕೊಡುತ್ತದೆ. ಒಂದೂವರೆ ತಿಂಗಳಿಗೆ ಒಂದು, ಮೂರೂವರೆ ತಿಂಗಳಿಗೆ ಒಂದು, ಒಂಬತ್ತು ತಿಂಗಳಿಗೆ ಒಂದು. ತಾಯಿ ಕಾರ್ಡು ತೆಗೆದು ಓದಿ. ತಪ್ಪಿದ್ದರೆ ಆಶಾ ಕಾರ್ಯಕರ್ತೆಯನ್ನು ಕೇಳಿ.

ಕೊನೆಯದಾಗಿ, ಔಷಧಿ ಕೈಗೆ ಬಂದಾಗ ಅದರ ಮೇಲೆ ನೋಡಿ. ಕೆಂಪು ಗೆರೆ ಇದೆಯಾ? ಇದ್ದರೆ ಡಾಕ್ಟರ ಚೀಟಿ ಇಲ್ಲದೆ ಅದನ್ನು ಕೊಳ್ಳಬಾರದು. 2016ರಲ್ಲಿ ಕೇಂದ್ರ ಸರ್ಕಾರವೇ ಇದನ್ನು ಜನರಿಗೆ ತಿಳಿಸಲು ಪ್ರಚಾರ ಮಾಡಿತು. ಹೋದ ಸಲ ಉಳಿದ ಬಾಟಲಿಯನ್ನು ಈ ಸಲ ಕುಡಿಸಬೇಡಿ. ಅಕ್ಕನ ಔಷಧಿ ತಮ್ಮನಿಗೆ ಬೇಡ. ಡಾಕ್ಟರು ಆಂಟಿಬಯೋಟಿಕ್ ಬರೆದರೆ, ಹೇಳಿದಷ್ಟು ದಿನ ಪೂರ್ತಿ ಕೊಡಿ. ಮಗು ಗೆಲುವಾಯಿತು ಅಂತ ನಡುವೆ ನಿಲ್ಲಿಸಬೇಡಿ.

ಡಾಕ್ಟರ ಮುಂದೆ "ಪವರ್ ಔಷಧಿ ಕೊಡಿ" ಅನ್ನಬೇಡಿ. "ಸಾರ್, ನನ್ನ ಮಗೂಗೆ ಆಂಟಿಬಯೋಟಿಕ್ ಬೇಕೇ ಬೇಕಾ?" ಅಂತ ಕೇಳಿ. ಕೇಳುವುದು ತಪ್ಪಲ್ಲ. ಬೇಡ ಅಂದರೆ ಬರಿಗೈಯಲ್ಲಿ ಬಂದೆ ಅಂತ ಬೇಸರ ಬೇಡ. ಧೈರ್ಯ ತಂದಿರಿ ಅಂದುಕೊಳ್ಳಿ.

ಇವತ್ತು ಮನೆಗೆ ಹೋಗಿ ಒಂದು ಕೆಲಸ ಮಾಡಿ. ಮಗು ಮಲಗಿದಾಗ ಅದರ ಉಸಿರು ಎಣಿಸಿ. ಚೀಟಿಯಲ್ಲಿ ಬರೆದು ತನ್ನಿ. ನಾಳೆ ಅದೇ ನಮ್ಮ ಲೆಕ್ಕದ ಪಾಠ.