ಚೀಟಿಯ ಮೇಲಿನ ಪ್ರಶ್ನಾರ್ಥಕ ಚಿಹ್ನೆ

ನಾನು ಮೈಸೂರಿನ ದಟ್ಟಗಳ್ಳಿಯವಳು. ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಡುತ್ತೇನೆ. ಮನೋವೈದ್ಯಳಲ್ಲ, ಮನೋವೈದ್ಯರ ಕೋಣೆಯ ಹೊರಗೆ ಬೆಂಚಿನ ಮೇಲೆ ಕುಳಿತು ಬಂದವಳು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಕಳೆದ ವರ್ಷ ವೈದ್ಯರು ನನ್ನ ಚೀಟಿಯಲ್ಲಿ ಬಾರ್ಡರ್‌ಲೈನ್ ಪರ್ಸನಾಲಿಟಿ ಡಿಸಾರ್ಡರ್ ಎಂದು ಬರೆದು, ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದರು. ಕನ್ನಡದಲ್ಲಿ ಗಡಿರೇಖೆಯ ವ್ಯಕ್ತಿತ್ವ ದೋಷ ಎನ್ನಬಹುದು. ಸಿಟಿ ಬಸ್ಸಿನಿಂದ ದಟ್ಟಗಳ್ಳಿಯಲ್ಲಿ ಇಳಿಯುವ ಹೊತ್ತಿಗೆ ಆ ಚಿಹ್ನೆ ನನ್ನ ಕಣ್ಣಿನಿಂದ ಅಳಿಸಿಹೋಗಿತ್ತು. ನನ್ನ ಪಾಲಿಗೆ ಅದು ತೀರ್ಪು. ಅಮ್ಮನಿಗೆ ಕಂಡದ್ದು ಆ ಚಿಹ್ನೆಯೊಂದೇ. "ಪ್ರಶ್ನೆ ಹಾಕಿದ್ದಾರಲ್ಲ, ಅಂದರೆ ಏನೂ ಇಲ್ಲ ಅಂತಲೇ ಅರ್ಥ" ಎಂದು ಚೀಟಿಯನ್ನು ಬೀರುವಿನಲ್ಲಿ ರೇಷ್ಮೆ ಸೀರೆಗಳ ಕೆಳಗೆ ಇಟ್ಟುಬಿಟ್ಟರು. ಮನೆಯಲ್ಲಿ ತಂಗಿಗೆ ಗಂಡು ನೋಡುತ್ತಿದ್ದ ಕಾಲ ಅದು.

ನನ್ನನ್ನು ಕುಕ್ಕಿದ್ದು ಕಾಯಿಲೆಗಿಂತ ಅದರ ಹೆಸರು. ಥೈರಾಯಿಡ್ ಇದ್ದವರು "ನನಗೆ ಥೈರಾಯಿಡ್ ಇದೆ" ಎನ್ನುತ್ತಾರೆ. ಅವರು ಬೇರೆ, ಅದು ಬೇರೆ. ವ್ಯಕ್ತಿತ್ವವೇ ದೋಷವೆಂದರೆ ಉಳಿಯುವವರು ಯಾರು? ಆಮೇಲೆ ಯೋಚಿಸಿದರೆ ನನಗೆ ಹೆಸರುಗಳೇನೂ ಹೊಸತಲ್ಲ. ಚಿಕ್ಕಂದಿನಿಂದ ಸಿಡುಕಿ, ಹಠಮಾರಿ, ಮೂಗಿನ ತುದಿಯಲ್ಲಿ ಕೋಪ, ಎಲ್ಲದಕ್ಕೂ ನಾಟಕ ಎಂದು ಕರೆಸಿಕೊಂಡೇ ಬೆಳೆದವಳು. ಆ ಹೆಸರುಗಳನ್ನು ಇಟ್ಟವರು ಯಾರೂ ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಿರಲಿಲ್ಲ.

ವೈದ್ಯರ ಬಳಿಗೆ ಹೋದದ್ದೇಕೆಂದು ಹೇಳಬೇಕು. ಒಂದು ದಿನ ಸ್ಟಾಫ್ ರೂಮಿನಲ್ಲಿ ನನ್ನ ಹನ್ನೆರಡು ವರ್ಷದ ಗೆಳತಿ ನನ್ನ ಜೊತೆ ಮಾತಾಡಲಿಲ್ಲ. ಸಂಜೆಯೊಳಗೆ ಅವಳು ನನ್ನನ್ನು ಬಿಟ್ಟಳೆಂದು ನಿಶ್ಚಯವಾಯಿತು. ಬಿಡುವ ಮೊದಲು ನಾನೇ ಬಿಡುತ್ತೇನೆಂದು ಬರೆಯಬಾರದ ಮಾತುಗಳನ್ನೆಲ್ಲ ಬರೆದು ಕಳಿಸಿದೆ. ರಾತ್ರಿ ಈ ಬದುಕೇ ಬೇಡವೆನಿಸಿತು. ಬೆಳಿಗ್ಗೆ ತಿಳಿಯಿತು, ಅವಳಿಗೆ ಹಲ್ಲುನೋವು. ಕೇಳಿದವರು ನಗಬಹುದು, ನಾನೂ ಈಗ ನಗುತ್ತೇನೆ. ಆದರೆ ಆ ರಾತ್ರಿಯಂಥವು ಅದಕ್ಕೂ ಮೊದಲು ಎಷ್ಟೋ ಬಂದಿದ್ದವು.

ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿ ಈ ತೊಂದರೆಗೆ 9 ಲಕ್ಷಣಗಳನ್ನು ಹೇಳುತ್ತದೆ. ಬಿಟ್ಟುಹೋಗುತ್ತಾರೆಂಬ ದಿಗಿಲು, ಇಂದು ದೇವರಾಗಿದ್ದವರು ನಾಳೆ ವೈರಿಯಾಗುವ ಸಂಬಂಧಗಳು, ತಾನು ಯಾರೆಂಬುದೇ ನಿಲ್ಲದಿರುವುದು, ದುಡುಕು, ತನಗೆ ತಾನೇ ನೋವು ಮಾಡಿಕೊಳ್ಳುವುದು, ಏರಿಳಿಯುವ ಮನಸ್ಸು, ಒಳಗಿನ ಬರಿದು, ತಡೆಯಲಾಗದ ಸಿಟ್ಟು, ಒತ್ತಡದಲ್ಲಿ ಬರುವ ಸಂಶಯ ಅಥವಾ ಮಂಕು. ಇವುಗಳಲ್ಲಿ ಕನಿಷ್ಠ 5 ಇರಬೇಕು. ಗಣಿತದ ಮೇಷ್ಟರ ಕೈಗೆ ಇಂಥ ಲೆಕ್ಕ ಸಿಕ್ಕರೆ ಸುಮ್ಮನಿರುವುದುಂಟೇ! ಪೆನ್ಸಿಲ್ ಹಿಡಿದು ಗುರುತು ಹಾಕಿದೆ. ಜಗಳವಾದ ಸಂಜೆ 7 ಬಂತು. ಭಾನುವಾರ ಬೆಳಿಗ್ಗೆ, ದೋಸೆ ತಿಂದ ಮೇಲೆ, 2.

ಇದನ್ನು ವೈದ್ಯರಿಗೆ ಹೇಳಿದಾಗ ಅವರು, "ನಾನು ಪ್ರಶ್ನೆ ಹಾಕಿರುವುದು ಅದಕ್ಕೇ" ಎಂದರು. ವ್ಯಕ್ತಿತ್ವವೆನ್ನುವುದು ಒಂದು ಸಂಜೆಯದಲ್ಲ, ವರ್ಷಗಳದು. ಹದಿಹರೆಯದಿಂದ ಹೇಗಿದ್ದೆನೆಂದು ಹೇಳಬಲ್ಲವರನ್ನು ಕರೆತರಲು ಹೇಳಿದರು. ರಕ್ತಪರೀಕ್ಷೆ ಮಾಡಿಸಿದರು. ಖಿನ್ನತೆ, ಹಳೆಯ ಆಘಾತದ ಉಳಿಕೆ, ಬೈಪೋಲಾರ್, ಇವೆಲ್ಲ ಹೊರಗಿನಿಂದ ಒಂದೇ ತೆರನಾಗಿ ಕಾಣಬಹುದಂತೆ, ಜೊತೆಜೊತೆಗೂ ಇರಬಹುದಂತೆ. ಬೈಪೋಲಾರ್‌ನಲ್ಲಿ ಮನಸ್ಸಿನ ಏರಿಳಿತ ದಿನಗಟ್ಟಲೆ, ವಾರಗಟ್ಟಲೆ ನಿಲ್ಲುತ್ತದೆ. ಗಡಿರೇಖೆಯದ್ದು ಸಾಮಾನ್ಯವಾಗಿ ಗಂಟೆಗಳ ಲೆಕ್ಕ. ಆದ್ದರಿಂದ ಒಂದು ನೋಟ್ ಪುಸ್ತಕದಲ್ಲಿ ಸಿಟ್ಟೋ ದುಃಖವೋ ಬಂದ ಹೊತ್ತು, ಇಳಿದ ಹೊತ್ತು, ಇವೆರಡನ್ನು ಬರೆಯಲು ಹೇಳಿದರು. ಕಾರಣ ಬರೆಯುವುದು ಬೇಡವೆಂದರು. ಕಾರಣ ಬರೆಯಲು ಕುಳಿತರೆ ನಾನು ಮತ್ತೆ ಜಗಳಕ್ಕೆ ಇಳಿಯುತ್ತೇನೆಂದು ಅವರಿಗೆ ಗೊತ್ತಿತ್ತೆಂದು ಕಾಣುತ್ತದೆ.

ಈ "ಗಡಿ" ಎಲ್ಲಿಂದ ಬಂತು? 1938ರಲ್ಲಿ ಅಡಾಲ್ಫ್ ಸ್ಟರ್ನ್ ಎಂಬ ವೈದ್ಯರು, ನ್ಯೂರೋಸಿಸ್ ಎಂದು ಆಗ ಕರೆಯುತ್ತಿದ್ದ ಸ್ಥಿತಿಗೂ ಬುದ್ಧಿಭ್ರಮಣೆಗೂ ನಡುವಿನ ಗಡಿಯಲ್ಲಿರುವವರೆಂದು ಕೆಲವು ರೋಗಿಗಳನ್ನು ವರ್ಣಿಸಿದರು. 1980ರಲ್ಲಿ ಹೆಸರು ಕೈಪಿಡಿಗೆ ಸೇರಿತು. ಆ ಗಡಿಯ ವಿಚಾರವನ್ನು ಈಗ ಯಾರೂ ಹಾಗೆ ಒಪ್ಪುವುದಿಲ್ಲ. ನಮ್ಮ ದಟ್ಟಗಳ್ಳಿಯೂ ಒಂದು ಕಾಲಕ್ಕೆ ಊರಾಚೆಯ ಹಳ್ಳಿ. ನಗರ ಬೆಳೆದು ನುಂಗಿಕೊಂಡಿತು, ಹೆಸರು ಮಾತ್ರ ಹಳೆಯದೇ ನಿಂತಿದೆ. ವಿಶ್ವ ಆರೋಗ್ಯ ಸಂಸ್ಥೆಯ ಹೊಸ ವರ್ಗೀಕರಣ 2022ರಲ್ಲಿ ಜಾರಿಗೆ ಬಂದಾಗ ಪದ್ಧತಿಯೇ ಬದಲಾಯಿತು. ಈಗ ತೊಂದರೆ ಸೌಮ್ಯವೋ, ಮಧ್ಯಮವೋ, ತೀವ್ರವೋ ಎಂದು ಮೊದಲು ಕೇಳುತ್ತಾರೆ. ಗಡಿರೇಖೆ ಎನ್ನುವುದು ಪಕ್ಕದಲ್ಲಿ ಬರೆಯುವ ಒಂದು ಟಿಪ್ಪಣಿ.

ಮಾರ್ಷಾ ಲೀನಹನ್ ಎಂಬ ಅಮೆರಿಕದ ಮನೋವಿಜ್ಞಾನಿಯ ಬದುಕು ನನಗೆ ಬಹಳ ಧೈರ್ಯ ಕೊಟ್ಟಿತು. 1961ರಲ್ಲಿ, 17ನೆಯ ವಯಸ್ಸಿನಲ್ಲಿ, ಆಕೆಯನ್ನು ಹಾರ್ಟ್‌ಫರ್ಡ್ ನಗರದ ಮಾನಸಿಕ ಆಸ್ಪತ್ರೆಗೆ ಸೇರಿಸಿದರು. ಎರಡು ವರ್ಷಕ್ಕೂ ಮೇಲ್ಪಟ್ಟು ಅಲ್ಲಿದ್ದರು. ಆಗ ಹಚ್ಚಿದ ಹೆಸರು ಸ್ಕಿಜೋಫ್ರೇನಿಯಾ. ಮುಂದೆ ಓದಿ, ತಮ್ಮಂತೆ ನರಳುವವರಿಗಾಗಿ ಡಿ.ಬಿ.ಟಿ. ಎಂಬ ಚಿಕಿತ್ಸೆಯನ್ನು ರೂಪಿಸಿದವರೂ ಆಕೆಯೇ. ಇರುವಂತೆ ಒಪ್ಪಿಕೊಳ್ಳುವುದು, ಬದಲಾಗುವುದು, ಎರಡನ್ನೂ ಒಟ್ಟಿಗೆ ಹಿಡಿಯುವುದು ಅದರ ತಿರುಳು. 2011ರಲ್ಲಿ ಅದೇ ಆಸ್ಪತ್ರೆಯಲ್ಲಿ ನಿಂತು ಆಕೆ ತಮ್ಮ ಕಥೆಯನ್ನು ಎಲ್ಲರೆದುರು ಹೇಳಿದರು.

ಇದಕ್ಕೆಂದೇ ಮಾಡಿದ ಗುಳಿಗೆ ಇಲ್ಲ. ಜೊತೆಗಿರುವ ಖಿನ್ನತೆಗೆ, ನಿದ್ರೆಗೆ ಔಷಧ ಕೊಡಬಹುದು. ಮುಖ್ಯ ಕೆಲಸ ಮಾತಿನ ಚಿಕಿತ್ಸೆಯದು. ಜನ್ಮಕ್ಕಂಟಿದ್ದು, ಬಿಡದು ಎಂಬ ನಂಬಿಕೆ ಮಾತ್ರ ಸುಳ್ಳು. ಮೇರಿ ಜನರೀನಿ ಮತ್ತು ಸಂಗಡಿಗರು ಆಸ್ಪತ್ರೆಗೆ ದಾಖಲಾಗಿದ್ದ 290 ಮಂದಿಯನ್ನು 10 ವರ್ಷ ಅನುಸರಿಸಿ 2010ರಲ್ಲಿ ಪ್ರಕಟಿಸಿದ ವರದಿಯಂತೆ, ನೂರಕ್ಕೆ 93 ಮಂದಿಯಲ್ಲಿ ಲಕ್ಷಣಗಳು ಕನಿಷ್ಠ ಎರಡು ವರ್ಷ ಕಾಲ ಹಿಂದೆ ಸರಿದಿದ್ದವು. ಕೆಲಸ, ಸಂಬಂಧ ಎಲ್ಲವೂ ಸೇರಿ ಪೂರ್ತಿ ಚೇತರಿಸಿಕೊಂಡವರು ಮಾತ್ರ ಅರ್ಧದಷ್ಟು. ಎರಡನೆಯ ಅಂಕಿಯನ್ನೂ ನಾನು ಮುಚ್ಚಿಡಬಾರದು.

ಅಮ್ಮನ ಭಯಕ್ಕೆ ಸ್ವಲ್ಪ ಸಮಾಧಾನ ಕೊಟ್ಟದ್ದು ಕಾನೂನು. 2018ರಿಂದ ಜಾರಿಯಲ್ಲಿರುವ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆಯಂತೆ ರೋಗಿಯ ವಿವರವನ್ನು ಗೋಪ್ಯವಾಗಿಡುವುದು ವೈದ್ಯರ ಕರ್ತವ್ಯ. ಯಾರಿಗೆ ಹೇಳಬೇಕೆನ್ನುವುದು ನನ್ನ ಇಷ್ಟ. ಗೆಳತಿಗೆ ಹೇಳಿದೆ. ಅವಳು ಹೆಚ್ಚೇನೂ ಆಡಲಿಲ್ಲ. "ಇನ್ನು ಹಲ್ಲು ನೋಯುವಾಗ ಚೀಟಿ ಬರೆದು ಮೇಜಿನ ಮೇಲಿಡುತ್ತೇನೆ" ಎಂದಳು. ಒಂದು ಸಲ ಇಟ್ಟೂ ಇದ್ದಳು. ಬದುಕು ಬೇಡವೆನಿಸುವ ರಾತ್ರಿ ಬಂದರೆ ಬೆಳಗಾಗುವವರೆಗೆ ಕಾಯಬೇಕಿಲ್ಲ. ಟೆಲಿಮನಸ್ ಸಹಾಯವಾಣಿ 14416 ಹಗಲೂ ಇರುಳೂ ಇದೆ, ಕನ್ನಡದಲ್ಲೇ ಮಾತಾಡಬಹುದು. ನಾನೇ ಎರಡು ಸಲ ಮಾಡಿದ್ದೇನೆ.

ನನ್ನ ನೋಟ್ ಪುಸ್ತಕದಲ್ಲಿ ಈಗ ಎಂಟು ತಿಂಗಳ ಲೆಕ್ಕವಿದೆ. ರಾತ್ರಿ ಬಂದದ್ದು ಮರುದಿನ ಮಧ್ಯಾಹ್ನ ದಾಟಿ ನಿಂತದ್ದು ಒಮ್ಮೆಯೂ ಇಲ್ಲ. ನಡುರಾತ್ರಿಯಲ್ಲಿ ಇದನ್ನು ನಂಬುವುದು ಕಷ್ಟ, ಆದರೆ ನನ್ನದೇ ಅಕ್ಷರ, ಇಲ್ಲವೆನ್ನುವಂತಿಲ್ಲ. ಮಾಳಿಗೆಗೆ ಹೋಗಿ ದೂರದ ಚಾಮುಂಡಿ ಬೆಟ್ಟದ ದೀಪಗಳನ್ನು ನೋಡುತ್ತಾ, ಕೈಯಲ್ಲಿ ಆ ಪುಸ್ತಕ ಹಿಡಿದು ಕೂರುತ್ತೇನೆ.

ಚಿಹ್ನೆ ಇನ್ನೂ ಫೈಲಿನಲ್ಲಿ ಹಾಗೆಯೇ ಇದೆ. ಬರುವ ಬುಧವಾರ ಮತ್ತೆ ಹೋಗಬೇಕು. ಚೀಟಿ ಬೀರುವಿನಿಂದ ಹೊರಗೆ ಬಂದಿದೆ. ನನ್ನ ಚಿಕ್ಕಂದಿನ ವಿಷಯ ಹೇಳಲು ಈ ಸಲ ಅಮ್ಮನೇ ಬರುತ್ತೇನೆಂದಿದ್ದಾರೆ. ಏನು ಹೇಳುತ್ತಾರೋ ನೋಡಬೇಕು.