ಬೆಳಿಗ್ಗೆ ಟ್ರ್ಯಾಕ್ಟರ್ ಬೆಲ್ಟ್ ಕಿರುಚುವುದೇಕೆ?

ಸೋನೆ ಮಳೆ ಹಿಡಿದ ಬೆಳಿಗ್ಗೆ ಟ್ರ್ಯಾಕ್ಟರ್ ಸ್ಟಾರ್ಟ್ ಮಾಡಿದ ಕೂಡಲೇ ಎಂಜಿನ್ನಿನ ಮುಂಭಾಗದಿಂದ ‘ಕೀಂಯ್...’ ಎಂಬ ಸದ್ದು ಬರುವುದನ್ನು ಕೇಳಿದ್ದೀರಾ? ಸ್ವಲ್ಪ ಹೊತ್ತು ಕಿರುಚಿ ತಾನಾಗಿಯೇ ನಿಂತುಬಿಡುತ್ತದೆ. ಗದ್ದೆಗೆ ಹೋಗುವ ಅವಸರದಲ್ಲಿ ದೊಡ್ಡವರು ಅದನ್ನು ಅಷ್ಟಾಗಿ ಕಿವಿಗೆ ಹಾಕಿಕೊಳ್ಳುವುದಿಲ್ಲ. ನಾವು ಹಾಕಿಕೊಳ್ಳೋಣ. ಬೆಳಿಗ್ಗೆಯೇ ಏಕೆ? ಆಮೇಲೆ ನಿಲ್ಲುವುದೇಕೆ?

ಬಾನೆಟ್ ಎತ್ತಿದರೆ ರೇಡಿಯೇಟರಿನ ಹಿಂದೆ ಫ್ಯಾನು, ಅಲ್ಲೇ ಒಂದು ಕಪ್ಪು ರಬ್ಬರ್ ಬೆಲ್ಟು ಕಾಣುತ್ತದೆ. ಕೆಳಗಿನ ದೊಡ್ಡ ಪುಲ್ಲಿಯನ್ನು ಎಂಜಿನ್ನೇ ತಿರುಗಿಸುತ್ತದೆ. ಆ ತಿರುಗಾಟವನ್ನು ಬೆಲ್ಟು ಪಕ್ಕದ ಆಲ್ಟರ್ನೇಟರಿಗೆ ಮುಟ್ಟಿಸುತ್ತದೆ. ಬಹಳಷ್ಟು ಟ್ರ್ಯಾಕ್ಟರುಗಳಲ್ಲಿ ಫ್ಯಾನಿಗೂ ನೀರಿನ ಪಂಪಿಗೂ ಅದೇ ಬೆಲ್ಟು. ಆಲ್ಟರ್ನೇಟರಿನ ಪುಲ್ಲಿ ಚಿಕ್ಕದು. ಎಂಜಿನ್ ಪುಲ್ಲಿಯ ಅರ್ಧದಷ್ಟೇ ವ್ಯಾಸ ಇದ್ದರೆ, ಎಂಜಿನ್ ನಿಮಿಷಕ್ಕೆ 2000 ಸುತ್ತು ಹಾಕುವಾಗ ಅದು 4000 ಸುತ್ತು ಹಾಕಬೇಕು. ಚಿಕ್ಕದಾದ್ದರಿಂದ ಬೆಲ್ಟಿಗೆ ಅಲ್ಲಿ ಹಿಡಿದುಕೊಳ್ಳಲು ಸಿಗುವ ಜಾಗವೂ ಕಡಿಮೆ. ಜಾರುವುದಿದ್ದರೆ ಸಾಮಾನ್ಯವಾಗಿ ಅಲ್ಲೇ ಮೊದಲು ಜಾರುತ್ತದೆ.

ಡೀಸೆಲ್ ಎಂಜಿನ್ನಿಗೆ ಕಿಡಿ ಹಾರಿಸುವ ಪ್ಲಗ್ ಬೇಡ. ಒತ್ತಿದ ಗಾಳಿ ಎಷ್ಟು ಬಿಸಿಯಾಗುತ್ತದೆಂದರೆ, ಅದರೊಳಗೆ ಚಿಮ್ಮಿದ ಡೀಸೆಲ್ ತಾನೇ ಹೊತ್ತಿಕೊಳ್ಳುತ್ತದೆ. ಆದರೆ ಸೆಲ್ಫ್ ಹೊಡೆಯಲು, ಹಾರ್ನಿಗೆ, ಹೆಡ್‌ಲೈಟಿಗೆ ಕರೆಂಟ್ ಬೇಕೇ ಬೇಕು. ಅದನ್ನು ತಯಾರಿಸಿ ಬ್ಯಾಟರಿಗೆ ತುಂಬುವುದು ಆಲ್ಟರ್ನೇಟರಿನ ಕೆಲಸ. ಒಳಗೆ ಒಂದು ವಿದ್ಯುತ್ಕಾಂತ ಗಿರಗಿರ ತಿರುಗುತ್ತದೆ, ಸುತ್ತಲೂ ತಾಮ್ರದ ತಂತಿಯ ಸುರುಳಿಗಳು ಕದಲದೆ ಕೂತಿರುತ್ತವೆ. ತಂತಿಯ ಬಳಿ ಕಾಂತಬಲ ಬದಲಾಗುತ್ತಿದ್ದರೆ ತಂತಿಯಲ್ಲಿ ವಿದ್ಯುತ್ ಹುಟ್ಟುತ್ತದೆ ಎಂದು 1831ರಲ್ಲಿ ಮೈಕೇಲ್ ಫ್ಯಾರಡೆ ತೋರಿಸಿದ್ದರು.

ಮೂರು ವರ್ಷದ ಮೇಲೆ ಹೈನ್‌ರಿಖ್ ಲೆನ್ಸ್ ಎಂಬ ವಿಜ್ಞಾನಿ ಇನ್ನೊಂದು ಮಾತು ಸೇರಿಸಿದರು. ನನಗೆ ಇದೇ ಹೆಚ್ಚು ಇಷ್ಟ. ಹೀಗೆ ಹುಟ್ಟಿದ ವಿದ್ಯುತ್ತು, ತನ್ನನ್ನು ಹುಟ್ಟಿಸಿದ ಚಲನೆಯನ್ನೇ ತಡೆಯಲು ನೋಡುತ್ತದೆ! ನಿಮ್ಮ ತಾತನ ಬಳಿ ಡೈನಮೋ ಇದ್ದ ಸೈಕಲ್ ಇದ್ದರೆ ಕೇಳಿ ನೋಡಿ. ಡೈನಮೋವನ್ನು ಟೈರಿಗೆ ತಾಗಿಸಿ ದೀಪ ಹೊತ್ತಿಸಿದ ಮರುಗಳಿಗೆಯಲ್ಲೇ ಪೆಡಲ್ ಭಾರವಾಗುತ್ತಿತ್ತು. ದೀಪದ ಬೆಳಕಿಗೆ ಬೆಲೆ ತೆತ್ತದ್ದು ಕಾಲು. ಟ್ರ್ಯಾಕ್ಟರಿನಲ್ಲಿ ಆ ಭಾರ ಬೆಲ್ಟಿನ ಮೇಲೆ ಬೀಳುತ್ತದೆ. ಆಲ್ಟರ್ನೇಟರ್ 14 ವೋಲ್ಟಿನಲ್ಲಿ 36 ಆಂಪಿಯರ್ ಕೊಡುತ್ತಿದ್ದರೆ, ಗುಣಿಸಿ ನೋಡಿ, 504 ವ್ಯಾಟ್. ಒಳಗೆ ಬಿಸಿಯಾಗಿ ಹೋಗುವ ಪಾಲನ್ನೂ ಸೇರಿಸಿದರೆ ಸುಮಾರು ಒಂದು ಅಶ್ವಶಕ್ತಿ. ಅಷ್ಟನ್ನೂ ಒಂದು ಬೆಲ್ಟಿನ ಹಿಡಿತವೇ ಸಾಗಿಸಬೇಕು.

ಈಗ ಬೆಳಗಿನ ಕಿರುಚಾಟಕ್ಕೆ ಬರೋಣ. ಸೆಲ್ಫ್ ಹೊಡೆದ ಕೆಲವೇ ಕ್ಷಣಗಳಲ್ಲಿ ಸ್ಟಾರ್ಟರ್ ಮೋಟರು ಬ್ಯಾಟರಿಯಿಂದ ನೂರಾರು ಆಂಪಿಯರ್ ಎಳೆದುಕೊಂಡಿರುತ್ತದೆ. ಎಂಜಿನ್ ಶುರುವಾದೊಡನೆ ಬ್ಯಾಟರಿ ಅದನ್ನು ಆಲ್ಟರ್ನೇಟರಿನಿಂದ ತುಂಬಿಸಿಕೊಳ್ಳುತ್ತದೆ. ಆಲ್ಟರ್ನೇಟರ್ ತಿರುಗಲು ಭಾರವಾಗುತ್ತದೆ. ಬೆಲ್ಟು ಸಡಿಲವಾಗಿದ್ದರೆ, ಮೇಲೆ ಇಬ್ಬನಿಯೂ ಕೂತಿದ್ದರೆ, ಹಿಡಿತ ಸಾಲದೆ ಜಾರುತ್ತದೆ. ಜಾರುವುದೂ ಒಂದೇ ಸಮನಲ್ಲ: ರಬ್ಬರು ಪುಲ್ಲಿಯನ್ನು ಕಚ್ಚುತ್ತದೆ, ಬಿಡುತ್ತದೆ, ಮತ್ತೆ ಕಚ್ಚುತ್ತದೆ, ಸೆಕೆಂಡಿಗೆ ನೂರಾರು ಸಲ. ಆ ನಡುಕವೇ ನಮಗೆ ಕೇಳುವ ಸದ್ದು. ಬ್ಯಾಟರಿಯ ಹಸಿವು ತಗ್ಗಿ ಬೆಲ್ಟು ಒಣಗಿದ ಮೇಲೆ ಸದ್ದು ನಿಲ್ಲುತ್ತದೆ. ಸಂಜೆ ಹೆಡ್‌ಲೈಟ್ ಹಾಕಿದಾಗ ಮತ್ತೆ ಬಂದರೂ ಬರಬಹುದು. ಏಕೆಂದು ಈಗ ನೀವೇ ಹೇಳಬಲ್ಲಿರಿ.

ಸರಿಪಡಿಸುವುದು ದೊಡ್ಡವರ ಕೆಲಸ, ನೋಡುವುದು ನಿಮ್ಮ ಕೆಲಸ. ತಿರುಗುತ್ತಿರುವ ಬೆಲ್ಟಿನ ಹತ್ತಿರ ಕೈ, ಜಡೆ, ದುಪಟ್ಟಾ ಯಾವುದೂ ಸುಳಿಯಕೂಡದು. ಬೆರಳು ಹೋದರೆ ಹೋಯಿತು. ಎಂಜಿನ್ ನಿಲ್ಲಿಸಿ, ಕೀ ತೆಗೆದು, ಬ್ಯಾಟರಿಯ ಮೈನಸ್ ವೈರು ಬಿಚ್ಚಿದ ಮೇಲೆಯೇ ಹತ್ತಿರ ಹೋಗಿ.

ಮೊದಲು ಬೆಲ್ಟಿನ ಅಂಚು ನೋಡಿ. ಅದನ್ನು ಅಡ್ಡಕ್ಕೆ ಕತ್ತರಿಸಿದರೆ ಮೇಲೆ ಅಗಲ, ಕೆಳಗೆ ಕಿರಿದು. ಹಾಗಾಗಿ ಬಿಗಿದಷ್ಟೂ ಪುಲ್ಲಿಯ ಸಂದಿನಲ್ಲಿ ಸಿಕ್ಕಿಕೊಳ್ಳುತ್ತದೆ. ಕೆಲಸ ಮಾಡುವುದು ಎರಡು ಪಕ್ಕಗಳು. ಬೆಲ್ಟಿನ ತಳ ಪುಲ್ಲಿಗೆ ತಾಗಲೇಬಾರದು. ಸವೆದ ಬೆಲ್ಟು ಸಂದಿನ ತಳಕ್ಕೆ ಇಳಿದು ಕೂರುತ್ತದೆ, ಆಗ ಪುಲ್ಲಿಯ ತಳವೂ ಉಜ್ಜಿ ಹೊಳೆಯುತ್ತಿರುತ್ತದೆ. ಬೆಲ್ಟಿನ ಪಕ್ಕಗಳು ಗಾಜಿನ ಹಾಗೆ ನುಣ್ಣಗಾಗಿದ್ದರೆ, ಬಿರುಕು ಬಿಟ್ಟಿದ್ದರೆ, ಸುತ್ತ ಕರಿ ಪುಡಿ ಉದುರಿದ್ದರೆ ಬಿಗಿ ಮಾಡಿ ಉಪಯೋಗವಿಲ್ಲ, ಹೊಸದೇ ಬೇಕು. ಸದ್ದು ಅಡಗಲಿ ಎಂದು ಗ್ರೀಸ್, ಎಣ್ಣೆ ಹಚ್ಚುವವರಿದ್ದಾರೆ, ದಯವಿಟ್ಟು ತಡೆಯಿರಿ. ಹಿಡಿತ ಇನ್ನೂ ಹೋಗುತ್ತದೆ, ರಬ್ಬರೂ ಕೆಡುತ್ತದೆ.

ಬೆಲ್ಟು ಚೆನ್ನಾಗಿದ್ದರೆ ಎರಡು ಪುಲ್ಲಿಗಳ ನಡುವಿನ ಉದ್ದ ಭಾಗವನ್ನು ಹೆಬ್ಬೆರಳಿನಿಂದ ಒತ್ತಬೇಕು. ಸಾಮಾನ್ಯವಾಗಿ 10ರಿಂದ 12 ಮಿಲಿಮೀಟರ್ ಬಗ್ಗಿದರೆ ಸರಿ. ನಿಮ್ಮ ಟ್ರ್ಯಾಕ್ಟರಿನ ಪುಸ್ತಕದಲ್ಲಿ ಬೇರೆ ಲೆಕ್ಕವಿದ್ದರೆ ಅದೇ ಸರಿ. ಹೆಚ್ಚು ಬಗ್ಗಿದರೆ ಆಲ್ಟರ್ನೇಟರಿನ ಬೋಲ್ಟುಗಳನ್ನು ಸಡಿಲಿಸಿ, ರಾಡಿನಿಂದ ಮೆಲ್ಲಗೆ ಹೊರಕ್ಕೆ ಮೀಟಿ, ಹಾಗೇ ಹಿಡಿದುಕೊಂಡು ಉದ್ದ ಸೀಳಿನ ಪಟ್ಟಿಯಲ್ಲಿರುವ ಬೋಲ್ಟನ್ನು ಬಿಗಿಯುತ್ತಾರೆ. ತಂತಿಯಂತೆ ಸೆಟೆಯುವಷ್ಟು ಎಳೆಯಬಾರದು. ಸದ್ದೇನೋ ನಿಲ್ಲುತ್ತದೆ, ಆದರೆ ಆಲ್ಟರ್ನೇಟರಿನ ಬೇರಿಂಗ್ ಬೇಗ ಹಾಳಾಗಿ ‘ಗರಗರ’ ಎನ್ನತೊಡಗುತ್ತದೆ. ಅದರ ರಿಪೇರಿಗೆ ಬೆಲ್ಟಿಗಿಂತ ಹೆಚ್ಚು ದುಡ್ಡು.

ಬ್ಯಾಟರಿಯ ವೈರು ಮತ್ತೆ ಹಾಕಿ ಮಲ್ಟಿಮೀಟರ್ ಹಿಡಿಯಿರಿ. ಎಂಜಿನ್ ಆಫ್ ಇದ್ದಾಗ 12.6 ವೋಲ್ಟ್ ಆಸುಪಾಸು ತೋರಿಸುವ ಒಳ್ಳೆಯ ಬ್ಯಾಟರಿ, ಎಂಜಿನ್ ಓಡುವಾಗ 14ರ ಹತ್ತಿರ ತೋರಿಸಬೇಕು. ಹೆಡ್‌ಲೈಟ್ ಹಾಕಿಸಿ, ಮತ್ತೆ ನೋಡಿ, ಕಿವಿಗೊಡಿ. ಹೊಸ ಬೆಲ್ಟು ಹಾಕಿದ್ದರೆ ಕೆಲವು ಗಂಟೆ ಉತ್ತ ಮೇಲೆ ಅದು ಸಂದಿನಲ್ಲಿ ಕೂತು ತುಸು ಸಡಿಲವಾಗುತ್ತದೆ. ಎಂಜಿನ್ ತಣ್ಣಗಾದಾಗ ಹೆಬ್ಬೆರಳಿನಿಂದ ಇನ್ನೊಮ್ಮೆ ಒತ್ತಿ ನೋಡಲು ಮನೆಯವರಿಗೆ ನೆನಪಿಸಿ.